ಷಡ್ಡಕನ ಬೆಲ್ಲ, ನನ್ನ ಹೊಗೆಸೊಪ್ಪು

ವಯಸ್ಸಾದಂತೆ ಮನುಷ್ಯನ ಒಳಗಿನ ಆರು ವೈರಿಗಳು ಒಂದೊಂದಾಗಿ ಆಯುಧ ಕೆಳಗಿಟ್ಟು ಹೊರಟುಹೋಗುತ್ತವೆ, ಕೊನೆಗೆ ಉಳಿಯುವುದು ಶಾಂತಿಯೊಂದೇ ಎಂದು ಪ್ರವಚನಗಳಲ್ಲಿ ಕೇಳಿದ್ದೇನೆ. ನನ್ನ ವಿಷಯದಲ್ಲಿ ಐದು ಹೊರಟದ್ದು ನಿಜ. ಆರನೆಯದಾದ ಮತ್ಸರ ಮಾತ್ರ ಹೋಗಲಿಲ್ಲ. ಉಳಿದ ಐವರು ಬಿಟ್ಟುಹೋದ ಜಾಗವನ್ನೂ ಆಕ್ರಮಿಸಿಕೊಂಡು, ಸುತ್ತ ಬೇಲಿ ಹಾಕಿಸಿ, ಖಾತೆ ಮಾಡಿಸಿಕೊಂಡಿತು.

ನಾನು ಮಕ್ಕಳಿಗಾಗಿ ಪುಸ್ತಕ ಬರೆದದ್ದು ನಿವೃತ್ತಿಯಾದ ಮೇಲೆ. ಕತೆಯಲ್ಲ, ಪದ್ಯವಲ್ಲ, ಲೋಕದಲ್ಲಿ ಇರುವುದನ್ನು ಇರುವ ಹಾಗೆ ತಿಳಿಸುವ ಪುಸ್ತಕ. ಇಂಥ ಕೆಲಸಕ್ಕೆ ಇಳಿದವರು ಸಾಮಾನ್ಯವಾಗಿ ಮಕ್ಕಳ ಮೇಲಿನ ಪ್ರೀತಿ, ಅರಿವಿನ ಮೇಲಿನ ಗೌರವ ಎಂದೆಲ್ಲ ಕಾರಣ ಕೊಡುತ್ತಾರೆ. ನನ್ನನ್ನು ಇಳಿಸಿದ್ದು ನನ್ನ ಷಡ್ಡಕ, ಅಂದರೆ ನನ್ನ ಹೆಂಡತಿಯ ತಂಗಿಯ ಗಂಡ. ಅವನು ಪ್ರೋತ್ಸಾಹ ಕೊಟ್ಟನೆಂದು ಯಾರೂ ತಿಳಿಯಬಾರದು. ಅವನು ನನಗಿಂತ ಮೊದಲು ಬರೆದುಬಿಟ್ಟ, ಅಷ್ಟೆ.

ಅದು ಎಷ್ಟು ದೊಡ್ಡ ಅನ್ಯಾಯ ಎಂಬುದು ತಿಳಿಯಬೇಕಾದರೆ ನಮ್ಮಿಬ್ಬರ ಪೂರ್ವಾಪರ ಹೇಳಬೇಕು. ನಾನು ಹುಣಸೂರಿನಲ್ಲಿ ಹೊಗೆಸೊಪ್ಪಿನ ಹರಾಜು ಮಾರುಕಟ್ಟೆಯ ಗುಮಾಸ್ತನಾಗಿದ್ದೆ. ಅದು ಹೊಟ್ಟೆಪಾಡು. ನನ್ನ ನಿಜವಾದ ಉದ್ಯೋಗ ಬಿನ್ನವತ್ತಳೆ ಬರೆಯುವುದು. ತಾಲ್ಲೂಕಿನಿಂದ ಯಾವ ಅಧಿಕಾರಿ ವರ್ಗವಾಗಲಿ, ಯಾವ ಮೇಷ್ಟ್ರು ನಿವೃತ್ತರಾಗಲಿ, ಗಾಜು ಹಾಕಿಸಿ ಚೌಕಟ್ಟು ಕಟ್ಟಿಸಿ ಕೈಗೆ ಕೊಡುವ ಆ ಹಾಳೆಯ ಮಾತುಗಳು ನನ್ನವು. "ಸಜ್ಜನಿಕೆಯ ಸಾಕಾರಮೂರ್ತಿಗಳೇ" ಎಂದು ಶುರುವಾದರೆ ಉಸಿರು ನಿಲ್ಲುವವರೆಗೆ ವಾಕ್ಯ ನಿಲ್ಲುತ್ತಿರಲಿಲ್ಲ. ಲಂಚಕ್ಕೆ ಸಿಕ್ಕಿಬಿದ್ದು ವರ್ಗವಾದವರೊಬ್ಬರನ್ನು "ನಿಸ್ಪೃಹ ಕರ್ಮಯೋಗಿಗಳೇ" ಎಂದು ಸಂಬೋಧಿಸಿದಾಗ ಅವರ ಕಣ್ಣಲ್ಲೇ ನೀರು ಬಂದಿತ್ತು.

ಷಡ್ಡಕ ಕೆ.ಆರ್. ನಗರದ ಕಡೆಯವನು. ಹೊಸ ಅಗ್ರಹಾರದ ಹತ್ತಿರ ನಾಲೆ ನೀರಿನ ಗದ್ದೆ, ಒಂದಿಷ್ಟು ಕಬ್ಬು. ವಿದ್ಯುತ್ ಇಲಾಖೆಯಲ್ಲಿ ಮನೆಮನೆಯ ಮೀಟರ್ ಓದಿ ಬಿಲ್ಲು ಕೊಡುವ ಕೆಲಸದಲ್ಲಿದ್ದ. ಅವನು ಬರೆದದ್ದೆಲ್ಲ ಅಂಕಿ.

ನಮ್ಮ ಮಾವನವರು ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರದವರು, ಹೊಗೆಸೊಪ್ಪು ಬೆಳೆಯುತ್ತಿದ್ದವರು. ಅಕ್ಷರ ಬರುತ್ತಿರಲಿಲ್ಲ, ಆದರೆ ಅಕ್ಷರದ ಮೇಲೆ ಭಾರೀ ಭಯಭಕ್ತಿ. ಮನೆಗೆ ಯಾರು ಬಂದರೂ ನನ್ನನ್ನು ತೋರಿಸಿ, "ಇವ್ರು ನಮ್ ಬರಿಯೋ ಅಳಿಯ" ಎನ್ನುತ್ತಿದ್ದರು. ಷಡ್ಡಕನನ್ನು ತೋರಿಸಿ, "ಇವ್ರು ಕರೆಂಟ್ ಅಳಿಯ." ಈ ಎರಡು ಬಿರುದುಗಳ ನಡುವಿನ ಅಂತರವನ್ನು ನಾನು ಜೀವನವಿಡೀ ಅನುಭವಿಸಿದೆ, ಸುಖವಾಗಿ. ಮಾವನವರು ತೀರಿಕೊಂಡರೂ ಬಿರುದು ನನ್ನದೇ ಎಂದುಕೊಂಡಿದ್ದೆ.

ಪ್ರತಿ ವರ್ಷ ಪಿತೃಪಕ್ಷದಲ್ಲಿ ಅಳಿಯಂದಿರೆಲ್ಲ ಆ ಮನೆಯಲ್ಲಿ ಸೇರಬೇಕು. ನಮ್ಮ ಕಡೆ ಅದಕ್ಕೆ ಬರೀ ಪಕ್ಷ ಎನ್ನುತ್ತಾರೆ. ತೀರಿಹೋದವರ ಫೋಟೋ ಮುಂದೆ ಬಾಳೆಯೆಲೆ ಹಾಸಿ, ಬದುಕಿದ್ದಾಗ ಅವರು ಇಷ್ಟಪಟ್ಟಿದ್ದನ್ನೆಲ್ಲ ಎಡೆ ಇಡುವುದು ಪದ್ಧತಿ. ಮಾವನವರ ಎಡೆಯಲ್ಲಿ ಕಜ್ಜಾಯ, ಕಡುಬು, ಹೊಸ ಪಂಚೆ, ಒಂದು ಕಟ್ಟು ಬೀಡಿ, ಬೆಂಕಿಪೊಟ್ಟಣ ಇರಲೇಬೇಕು. ಬೀಡಿ ಮರೆತ ವರ್ಷ ಅವರು ಅತ್ತೆಯವರ ಕನಸಿನಲ್ಲಿ ಬಂದು ಮುಖ ತಿರುಗಿಸಿಕೊಂಡು ಕೂತಿದ್ದರಂತೆ.

ಆ ವರ್ಷದ ಪಕ್ಷಕ್ಕೆ ಷಡ್ಡಕ ಸ್ಕೂಟರಿನಲ್ಲಿ ಬಂದವನು ಡಿಕ್ಕಿ ತೆಗೆದು ಒಂದು ಪುಸ್ತಕ ಹೊರಗೆಳೆದ. ತೆಳ್ಳಗೆ, ಅಗಲವಾಗಿ, ಹೊಳೆಯುತ್ತಿತ್ತು. ಮುಖಪುಟದಲ್ಲಿ ಕೊಪ್ಪರಿಗೆ, ಹೊಗೆ, ಕೈಯಲ್ಲಿ ಕಬ್ಬು ಹಿಡಿದ ಮಕ್ಕಳು. ಕೆಳಗೆ ಅವನ ಹೆಸರು, ನನ್ನ ಯಾವ ಬಿನ್ನವತ್ತಳೆಯಲ್ಲೂ ಅಧಿಕಾರಿಯ ಹೆಸರಿಗೂ ಸಿಗದಷ್ಟು ದಪ್ಪ ಅಕ್ಷರದಲ್ಲಿ. ಆಲೆಮನೆಯಲ್ಲಿ ಕಬ್ಬಿನ ಹಾಲು ಬೆಲ್ಲವಾಗುವುದನ್ನು ಮೊಮ್ಮಕ್ಕಳಿಗೆ ಹೇಳುತ್ತಿದ್ದನಂತೆ. ಸೊಸೆ ಅದನ್ನು ಬರೆಸಿ ಮಕ್ಕಳ ಪುಸ್ತಕ ಮಾಡುವ ಒಂದು ಪ್ರಕಾಶನಕ್ಕೆ ಕಳಿಸಿದಳಂತೆ. ಅವರು ಕಲಾವಿದರನ್ನು ಕರೆಸಿ ಚಿತ್ರ ಬರೆಸಿದರಂತೆ. ಎಲ್ಲವೂ ಅಂತೆ. ಅವನು ಕೂತಲ್ಲೇ ಕೂತು ಸಾಹಿತಿಯಾಗಿದ್ದ.

ಅತ್ತೆಯವರು ಕೈ ತೊಳೆದುಕೊಂಡು ಬಂದು ಹಾಳೆ ತಿರುವಿದರು.

"ಇದೇನ್ರಪ್ಪಾ, ನೀವೇ ಬರುದ್ರಾ?"

"ಊಂ ಕಣತ್ತೆ. ಆಲೆಮನೆ ವಿಚಾರ. ಮಕ್ಳಿಗೆ."

"ಎಲ್ಲಾ ನಿಜವಾದ್ದೇಯಾ? ಕಟ್ಟುಕತೆ ಅಲ್ವಲ್ಲಾ?"

"ಒಂದ್ ಅಕ್ಸರ ಸುಳ್ಳಿಲ್ಲ."

"ಅಂಗಾರೆ ಎಡೇಲಿ ಮಡಗಾನ. ಅವ್ರಿಗೆ ಓದಕ್ಕೆ ಬತ್ತಿರ್ಲಿಲ್ಲ, ಚಿತ್ರನಾರ ನೋಡ್ಕಳ್ಳಿ."

ಪುಸ್ತಕ ಕಜ್ಜಾಯಕ್ಕೂ ಬೀಡಿ ಕಟ್ಟಿಗೂ ನಡುವೆ ಹೋಗಿ ಕೂತಿತು. ಮಾವನವರು ತೀರಿಕೊಂಡಾಗ ನಾನು ಬರೆದ ಚರಮಗೀತೆ ಆ ಎಲೆಯ ಹತ್ತಿರವೂ ಸುಳಿದಿರಲಿಲ್ಲ ಎಂಬುದನ್ನು ಯಾರೂ ನೆನೆಯಲಿಲ್ಲ, ನಾನು ನೆನೆದೆ. ಎಲ್ಲ ಅಣಿಯಾದ ಮೇಲೆ ಅತ್ತೆಯವರು, "ಬರಿಯೋ ಅಳಿಯಂದ್ರು ಬಂದು ಕರ್ಪೂರ ಹಚ್ಚಲಿ" ಎಂದರು. ಪ್ರತಿ ವರ್ಷದ ರೂಢಿ. ನಾನು ಪಂಚೆ ಸರಿಮಾಡಿಕೊಂಡು ಎದ್ದೆ. ನೋಡಿದರೆ ಅವರ ಕೈ ಷಡ್ಡಕನ ಕಡೆ ಚಾಚಿತ್ತು. ಎದ್ದವನು ಕೂರುವ ಹಾಗಿಲ್ಲ. ನೀರಿಗಾಗಿ ಎದ್ದವನಂತೆ ನೇರ ಅಡುಗೆಮನೆಗೆ ಹೋಗಿ, ಬಾಯಾರಿಕೆಯಿಲ್ಲದೆ ಒಂದು ಚೊಂಬು ನೀರು ಕುಡಿದು ಬಂದೆ. ಅಷ್ಟರಲ್ಲಿ ಕರ್ಪೂರ ಉರಿದು ಮುಗಿದಿತ್ತು.

ಹುಣಸೂರಿಗೆ ಮರಳುವ ಬಸ್ಸಿನಲ್ಲಿ ಹೆಂಡತಿ ಕೇಳಿದಳು, "ಯಾಕ್ರೀ, ಊಟ ಸರಿಹೋಗ್ಲಿಲ್ವಾ?"

"ಕಜ್ಜಾಯ ಸ್ವಲ್ಪ ಗಟ್ಟಿ."

"ಕಜ್ಜಾಯ ಅಲ್ಲ ಗಟ್ಟಿ," ಎಂದು ಅವಳು ಕಿಟಕಿಯ ಕಡೆ ತಿರುಗಿದಳು. ತಂಗಿ ಕೊಟ್ಟ ಪುಸ್ತಕದ ಒಂದು ಪ್ರತಿ ಅವಳ ಚೀಲದಲ್ಲಿತ್ತು.

ಅದನ್ನು ಮನೆಯಲ್ಲಿ ಅವಳಿಲ್ಲದ ಹೊತ್ತು ನೋಡಿ ತೆರೆದೆ. ಹರಾಜಿನಲ್ಲಿ ಕೊಳ್ಳುವವರು ಬೇಲಿನ, ಅಂದರೆ ಕಟ್ಟಿ ತಂದ ಮೂಟೆಯ, ಮೇಲಿನ ಚೆಂದದ ಸೊಪ್ಪನ್ನು ನಂಬುವುದಿಲ್ಲ. ಒಳಗೆ ಕೈ ಹಾಕಿ ಹಿಡಿಯಷ್ಟು ಎಳೆದು, ಮುರಿದು, ಮೂಸಿ ದರ್ಜೆ ಕಟ್ಟುತ್ತಾರೆ. ನಾನೂ ನಡುವಿನ ಪುಟಗಳಿಗೇ ಕೈ ಹಾಕಿದೆ. ಕೆಂಪು ಪೆನ್ನು ಹಿಡಿದು ಕೂತಿದ್ದೆ. ವ್ಯಾಕರಣ ತಪ್ಪಿರಲಿಲ್ಲ. ವಿಷಯ ತಪ್ಪಿರಲಿಲ್ಲ. ಪಾಕ ಹದಕ್ಕೆ ಬಂದದ್ದು ತಿಳಿಯಲು ಒಂದು ತೊಟ್ಟನ್ನು ನೀರಿಗೆ ಬಿಡುತ್ತಾರೆ ಎಂಬಲ್ಲಿ ಆ ಪುಟ ಮುಗಿದಿತ್ತು. ನೀರಿನಲ್ಲಿ ಏನಾಯಿತು ಎಂಬುದಕ್ಕೆ ಹಾಳೆ ತಿರುವಬೇಕು. ನಾನು ತಿರುವಿದೆ. ಹುಟ್ಟಿದಾಗಿನಿಂದ ಬೆಲ್ಲ ತಿಂದಿರುವ ನಾನು, ಬೆಲ್ಲ ಆಗುತ್ತದೋ ಇಲ್ಲವೋ ಎಂದು ಕಾತರದಿಂದ ತಿರುವಿದೆ. ಪುಸ್ತಕ ಕೆಟ್ಟದಾಗಿದ್ದರೆ ನನ್ನ ವೃದ್ಧಾಪ್ಯ ಎಷ್ಟು ನೆಮ್ಮದಿಯಾಗಿರುತ್ತಿತ್ತು.

ಅಲ್ಲಿಂದ ಮುಂದೆ ಸುದ್ದಿಗಳು ಬರತೊಡಗಿದವು. ಎಚ್.ಡಿ. ಕೋಟೆಯ ಕಾಡಂಚಿನ ಗಿರಿಜನರ ಹಾಡಿಯೊಂದರ ಶಾಲೆಗೆ ಅವನನ್ನು ಕರೆದಿದ್ದರಂತೆ, ಅಲ್ಲಿನ ಮಕ್ಕಳು ಜೇನಿಗೂ ಬೆಲ್ಲಕ್ಕೂ ವ್ಯತ್ಯಾಸ ಕೇಳಿ ಅವನನ್ನು ಊಟಕ್ಕೇ ಬಿಡಲಿಲ್ಲವಂತೆ. ಕೆ.ಆರ್. ನಗರದಲ್ಲಿ ಶಾಲು ಹೊದಿಸಿದರಂತೆ. ಈ ಸುದ್ದಿಗಳನ್ನು ಹೆಂಡತಿ ತಂಗಿಯಿಂದ ಫೋನಿನಲ್ಲಿ ಕೇಳಿ, ಸ್ಪೀಕರ್ ಹಾಕಿ ನನಗೂ ಪಾಲು ಕೊಡುತ್ತಿದ್ದಳು.

ಕೊನೆಗೆ ಅದು ಮನೆ ಬಾಗಿಲಿಗೇ ಬಂತು. ಹನಗೋಡಿನ ಶಾಲೆಯೊಂದರ ಮುಖ್ಯಶಿಕ್ಷಕರು ಬಂದು ಕೈಮುಗಿದು, "ಸಾರ್, ಮಕ್ಕಳ ಸಾಹಿತಿಗಳೊಬ್ಬರನ್ನ ಸನ್ಮಾನ ಮಾಡ್ತಿದೀವಿ. ಬಿನ್ನವತ್ತಳೆ ನಿಮ್ಮದೇ ಆಗ್ಬೇಕು, ಬೇರೆ ಯಾರದೂ ನಮಗೆ ಒಪ್ಪಿಗೆ ಇಲ್ಲ" ಎಂದರು. ಸಾಹಿತಿಗಳು ಯಾರೆಂದು ಕೇಳುವ ಅಗತ್ಯ ಇರಲಿಲ್ಲ. ವೃತ್ತಿಧರ್ಮ ದೊಡ್ಡದು. ಬರೆದೆ. "ಇಕ್ಷುರಸಸಾರಜ್ಞರೇ" ಎಂದು ಶುರುಮಾಡಿದೆ, ಅಂದರೆ ಕಬ್ಬಿನ ಹಾಲಿನ ಸಾರ ಬಲ್ಲವರೇ ಎಂದು. ಅವನನ್ನು ಹೊಗಳಿದ ಒಂದೊಂದು ವಿಶೇಷಣವೂ ಹಲ್ಲು ಕಿತ್ತಂತೆ ಹೊರಬಂತು. ಹಾಗಾಗಿಯೇ ಇರಬೇಕು, ನಾನು ಬರೆದವುಗಳಲ್ಲೆಲ್ಲ ಅದು ಅತ್ಯಂತ ಉದ್ದದ್ದಾಯಿತು.

ಸಮಾರಂಭದ ದಿನ ಓದುವುದೂ ನನ್ನ ಪಾಲಿಗೇ ಬಂತು. ಎರಡನೇ ವಾಕ್ಯಕ್ಕೆ ಮಕ್ಕಳು ನೆಲದಲ್ಲಿ ಗೆರೆ ಎಳೆಯತೊಡಗಿದರು. ನಾಲ್ಕನೆಯದಕ್ಕೆ ಹಿಂದಿನ ಸಾಲಿನಲ್ಲಿ ಜಡೆ ಎಳೆದಾಟ. ನಾನು ಮುಗಿಸಿದ್ದು ಗೊತ್ತಾಗಿ ಚಪ್ಪಾಳೆ ತಟ್ಟಿದವರು ಮೇಷ್ಟ್ರುಗಳು ಮಾತ್ರ. ಆಮೇಲೆ ಷಡ್ಡಕ ಎದ್ದ. ಶಾಲು ತೆಗೆದು ಕುರ್ಚಿಯ ಮೇಲೆ ಹಾಕಿ, ಒಂದು ಲೋಟ ನೀರು ತರಿಸಿ ಎತ್ತಿಹಿಡಿದ.

"ಪಾಕ ಕುದೀತಾ ಅದೆ. ಇಳ್ಸದು ಯಾವಾಗ? ಬೇಗ ಇಳ್ಸುದ್ರೆ ಏನಾಯ್ತದೆ?"

"ನೀರಾಯ್ತದೆ!" ಎಂದಿತು ಇಡೀ ಅಂಗಳ.

"ತಡ ಮಾಡುದ್ರೆ?"

"ಸೀದೋಯ್ತದೆ!"

ಅವನ ಮಾತಿನಲ್ಲಿ ಒಂದು ವಿಶೇಷಣವೂ ಇರಲಿಲ್ಲ. ಮಕ್ಕಳು ಮೊಣಕಾಲ ಮೇಲೆ ಎದ್ದು ಆ ಲೋಟವನ್ನು ನೋಡುತ್ತಿದ್ದರು, ಅದರಲ್ಲಿ ಬರೀ ನೀರಿತ್ತು. ನನ್ನ ಜೀವಮಾನದಲ್ಲಿ ಯಾರೂ ನನ್ನ ಕಡೆ ಹಾಗೆ ನೋಡಿರಲಿಲ್ಲ. ಆ ನೋಟ ನನಗೆ ಬೇಕು ಎನ್ನಿಸಿತು. ಮುಂದಿನ ಪಕ್ಷಕ್ಕೆ ನನ್ನದೂ ಒಂದು ಪುಸ್ತಕ ಆ ಎಲೆಯ ಮೇಲೆ ಇರಬೇಕು, ಕರ್ಪೂರ ನಾನು ಹಚ್ಚಬೇಕು ಎಂದು ಆ ಅಂಗಳದಲ್ಲೇ ನಿಶ್ಚಯಿಸಿದೆ. ಲೋಕದಲ್ಲಿ ಇದಕ್ಕಿಂತ ಕ್ಷುಲ್ಲಕ ಕಾರಣಕ್ಕೆ ಯುದ್ಧಗಳಾಗಿವೆ.

ವಿಷಯಕ್ಕೆ ನಾನು ತಡಕಾಡಲಿಲ್ಲ. ಅವನಿಗೆ ಕಬ್ಬು, ನನಗೆ ಹೊಗೆಸೊಪ್ಪು. ಅದರಷ್ಟು ಚೆನ್ನಾಗಿ ನನಗೆ ತಿಳಿದ ವಸ್ತು ಬೇರೆ ಇಲ್ಲ. ಸಾಸಿವೆಗಿಂತ ಸಣ್ಣ ಬೀಜ, ಮಡಿ, ನಾಟಿ, ಎಲೆ ಮುರಿಯುವುದು, ಕಡ್ಡಿಗೆ ಕಟ್ಟುವುದು. ಆಮೇಲೆ ಬ್ಯಾರನ್. ನಮ್ಮ ಕಡೆ ಹೊಲಹೊಲಕ್ಕೂ ಎದ್ದು ನಿಂತಿರುವ, ಕಿಟಕಿಯಿಲ್ಲದ ಎತ್ತರದ ಕಟ್ಟಡಗಳಿಗೆ ಬ್ಯಾರನ್ ಎನ್ನುತ್ತಾರೆ. ಒಳಗೆ ಸೊಪ್ಪು ನೇತುಹಾಕಿ, ಹೊರಗಿನ ಒಲೆಗೆ ಸೌದೆ ಒಟ್ಟಿ, ಕೊಳವೆಯಲ್ಲಿ ಬಿಸಿ ಹಾಯಿಸಿದರೆ ಹಸಿರೆಲೆ ಬಂಗಾರದ ಬಣ್ಣಕ್ಕೆ ತಿರುಗುತ್ತದೆ. ಪಾಕಕ್ಕಿಂತ ಇದು ಯಾವುದರಲ್ಲಿ ಕಡಿಮೆ? ಅವನ ವಿದ್ಯೆಯನ್ನೂ ಕದ್ದೆ: ಎಲೆ ಹಳದಿಯಾಗುತ್ತದೋ ಕಪ್ಪಾಗುತ್ತದೋ ಎಂಬುದಕ್ಕೆ ಹಾಳೆ ತಿರುವಬೇಕು. ಕೊನೆಯ ಪುಟದಲ್ಲಿ ಮಕ್ಕಳಿಗೊಂದು ಚಟುವಟಿಕೆಯನ್ನೂ ಇಟ್ಟೆ. "ಮುದ್ದು ಮಕ್ಕಳೇ, ಮನೆಯ ಹಿರಿಯರೊಂದಿಗೆ ಬ್ಯಾರನ್ನಿಗೆ ಹೋಗಿ. ಹದವಾದ ಎಲೆಯೊಂದನ್ನು ಹಿಡಿದು ಕಣ್ಣು ಮುಚ್ಚಿ ಚೆನ್ನಾಗಿ ಮೂಸಿ ನೋಡಿ. ಪರಿಮಳಕ್ಕೆ ತಕ್ಕ ದರ್ಜೆ ಕೊಡಿ."

ಹೆಂಡತಿ ಓದಿ, "ಪರವಾಗಿಲ್ಲ ಕಣ್ರೀ, ಅರ್ಥ ಆಗ್ತದೆ" ಎಂದಳು. ಅವಳಿಂದ ನನಗೆ ಸಿಕ್ಕ ಅತ್ಯುನ್ನತ ಪ್ರಶಸ್ತಿ ಅದು. ಹನಗೋಡಿನ ಮುಖ್ಯಶಿಕ್ಷಕರು ಓದಿ, ನಮ್ಮ ಮಣ್ಣಿನ ಪುಸ್ತಕ ಎಂದರು. ಬೆಟ್ಟದಪುರದಲ್ಲಿ ಈಗ ಬೇಸಾಯ ನೋಡಿಕೊಳ್ಳುವ ನನ್ನ ಭಾಮೈದ ಓದಿಸಿಕೊಂಡು ಕೇಳಿ, ಸೌದೆಯ ವಿಚಾರದಲ್ಲಿ ಎರಡು ತಿದ್ದುಪಡಿ ಹೇಳಿದ. ಷಡ್ಡಕನಿಗೆ ಮಾತ್ರ ಸುಳಿವು ಕೊಡಲಿಲ್ಲ. ಅವನ ಪ್ರಕಾಶನಕ್ಕೇ ಕಳಿಸಿ, ಅಂಗಳದಲ್ಲಿ ಕೂತು ಫೋನು ನೋಡತೊಡಗಿದೆ.

ಫೋನು ಮಾಡಿದವರು ಸಂಪಾದಕಿ. ಬೆಂಗಳೂರಿನ ಮೃದುವಾದ ದನಿ.

"ಸರ್, ತುಂಬ ಚೆನ್ನಾಗಿ ಬರ್ದಿದೀರಿ. ಆ ಹಾಳೆ ತಿರುಗಿಸೋ ಜಾಗ ಅಂತೂ..."

"ಅದು ನನ್ನ ಸ್ವಂತ ಕ್ರಮ" ಎಂದೆ.

"ಆದ್ರೆ ಸರ್... ಇದು ಎಂಟು ವರ್ಷದ ಮಕ್ಕಳಿಗೆ."

"ಹೌದು. ಭಾಷೆ ಕಷ್ಟವಾಯಿತೇ?"

"ಭಾಷೆ ಅಲ್ಲ ಸರ್. ತಂಬಾಕು."

"ತಂಬಾಕಿಗೆ ಏನಾಗಿದೆ?"

ನಾನು ನಿಜವಾಗಿಯೂ ಕೇಳಿದ್ದೆ. ಬೆಳೆಗೆ ರೋಗ ಬಂದಿದೆಯೇ, ಹರಾಜು ನಿಂತಿದೆಯೇ ಎಂದು ಒಂದು ಕ್ಷಣ ಗಾಬರಿಯಾಯಿತು.

"ಸರ್, ಮಕ್ಕಳಿಗೆ ತಂಬಾಕು ಮೂಸಿ ನೋಡಿ ಅಂತ ಹೇಳೋ ಪುಸ್ತಕ ನಾವು ಹೇಗೆ ಸರ್ ಮಾಡೋದು? ಯಾವ ಶಾಲೆ ಲೈಬ್ರರಿಲಿ ಇಡ್ತಾರೆ?"

ಆಗ ತಿಳಿಯಿತು. ಸಿಗರೇಟಿನ ಪೊಟ್ಟಣದ ಮೇಲಿನ ಭಯಂಕರ ಚಿತ್ರ ನಾನು ನೋಡಿರಲಿಲ್ಲವೇ? ನಿತ್ಯ ನೋಡಿದ್ದೆ. ಅದು ಸಿಗರೇಟು. ನಮ್ಮದು ಹೊಗೆಸೊಪ್ಪು. ನಮ್ಮ ಮಕ್ಕಳ ಶಾಲೆಯ ಬೂಟು, ಮನೆಯ ತಾರಸಿ, ಹೆಂಗಸರ ಕೊರಳ ಸರ, ದೇವಸ್ಥಾನದ ಹೊಸ ಬಾಗಿಲು, ನನ್ನ ಸಂಬಳ, ಎಲ್ಲವೂ ಆ ಎಲೆಯಿಂದ ಬಂದದ್ದು. ಅದನ್ನು ಕೊನೆಗೆ ಯಾರೋ ಸುಡುತ್ತಾರೆ ಎಂಬುದು ನಮಗೆ ದೂರದೂರಿನ ಸಮಾಚಾರ. ಓದಿದವರೆಲ್ಲ ಈ ಸೀಮೆಯವರೇ, ಒಬ್ಬನಿಗಾದರೂ ಹೊಳೆಯಬೇಕಲ್ಲ? ಹೊಳೆಯಬಹುದಾಗಿದ್ದ ಏಕೈಕ ವ್ಯಕ್ತಿಯಿಂದ ನಾನು ಹಸ್ತಪ್ರತಿ ಬಚ್ಚಿಟ್ಟಿದ್ದೆ.

ಹೆಂಡತಿಗೆ ಹೇಳಿದೆ. ಅವಳು ಮೊದಲು ಕಣ್ಣು ಅಗಲಿಸಿ, "ಅಯ್ಯೋ, ಹೌದಲ್ವೇನ್ರೀ" ಎಂದಳು. ಆಮೇಲೆ ಸೆರಗು ಬಾಯಿಗೆ ಇಟ್ಟುಕೊಂಡು ಅಡುಗೆಮನೆಗೆ ಓಡಿದಳು. ಅಲ್ಲಿ ಪಾತ್ರೆಗಳ ಸದ್ದಿಗಿಂತ ಅವಳ ನಗುವಿನ ಸದ್ದು ಜೋರಾಗಿತ್ತು.

ಅಂದಿನಿಂದ ನನ್ನ ಮತ್ಸರ ಷಡ್ಡಕನನ್ನು ದಾಟಿ ಭೂಗೋಳದ ಮೇಲೆ ಹರಡಿತು. ಅವನ ಊರಿಗೆ ನಾಲೆ ಹೋಗಿದ್ದು ಅವನ ಪ್ರತಿಭೆಯೇ? ನಾಲೆ ಹೋಯಿತು, ಕಬ್ಬು ಬಂತು, ಬೆಲ್ಲವಾಯಿತು, ಅವನು ಮಕ್ಕಳ ಸಾಹಿತಿಯಾದ. ನಮ್ಮ ಕೆಂಪು ಮಣ್ಣಿನ ಬೋರೆಗೆ ನಾಲೆ ಬರಲಿಲ್ಲ, ಹೊಗೆಸೊಪ್ಪು ಬಂತು, ನಾನು ಮಕ್ಕಳನ್ನು ಕೆಡಿಸುವವನಾದೆ. ಭತ್ತ ಬೆಳೆಯುವವರ ಮೇಲೆ, ಜೇನು ಕೀಳುವವರ ಮೇಲೆ, ಕೊನೆಗೆ ಬಸ್ಸಿನಲ್ಲಿ ಕಡಲೆಕಾಯಿ ಮಾರುವವನ ಮೇಲೂ ಹೊಟ್ಟೆ ಉರಿಯುತ್ತಿತ್ತು. ಎಲ್ಲರ ಬಳಿಯೂ ಮಕ್ಕಳಿಗೆ ಹೇಳಬಹುದಾದ ವಸ್ತು ಇತ್ತು.

ಆ ಬೇಸಿಗೆಯ ಆರಂಭದಲ್ಲಿ ಅತ್ತೆಯವರಿಗೆ ಮಂಡಿನೋವೆಂದು ಹೆಂಡತಿ ಬೆಟ್ಟದಪುರದಲ್ಲಿ ಕೆಲವು ವಾರ ಉಳಿದಳು. ನಾನೂ ಜೊತೆಗೆ. ಆ ಮನೆಯ ಗೂಟದಲ್ಲಿ, ಗೂಡಿನಲ್ಲಿ, ಟಿ.ವಿ. ಮೇಲೆ, ಎಲ್ಲಿ ನೋಡಿದರೂ ಬೆಲ್ಲದ ಪುಸ್ತಕ. ಬಂದವರಿಗೆಲ್ಲ ಅತ್ತೆಯವರು ಅದನ್ನು ಕಾಫಿಗೆ ಮೊದಲು ಕೊಡುತ್ತಿದ್ದರು. ತಪ್ಪಿಸಿಕೊಳ್ಳಲು ನಾನು ಹಿತ್ತಲಾಚೆಯ ಬ್ಯಾರನ್ನಿಗೆ ಹೋಗಿ ಕೂರತೊಡಗಿದೆ. ಹದ ಮಾಡುವ ಕಾಲ ಮುಗಿದು ಅದು ಖಾಲಿ ಬಿದ್ದಿತ್ತು. ಬಾಗಿಲು ಅರ್ಧ ತೆರೆದಿಟ್ಟರೆ ಒಂದು ಕೋಲು ಬಿಸಿಲು ಒಳಗೆ ಬೀಳುತ್ತಿತ್ತು. ಮಗುಚಿಹಾಕಿದ ಕುಕ್ಕೆಯ ಮೇಲೆ ಕೂತು ನಿಶ್ಚಿಂತೆಯಿಂದ ಹೊಟ್ಟೆಕಿಚ್ಚು ಪಡಲು ಪ್ರಶಸ್ತವಾದ ಸ್ಥಳ.

ಆದರೆ ಅಲ್ಲೂ ಒಬ್ಬನೇ ಇರಲಾಗಲಿಲ್ಲ. ಒಂದು ಕಣಜ ಬಾಗಿಲಿನಿಂದ ಬಂತು, ಬಾಯಲ್ಲಿ ಹಸಿ ಮಣ್ಣಿನ ಉಂಡೆ. ಉಷ್ಣಮಾಪಕ ನೇತುಹಾಕುವ ಮೊಳೆಯ ಬುಡದಲ್ಲಿ ಕೂತು ಝುಂಯ್ ಎಂದು ಸದ್ದು ಮಾಡುತ್ತ ಮಣ್ಣು ಮೆತ್ತಿತು. ಹೋಯಿತು. ಮತ್ತೆ ಬಂತು. ಮಣ್ಣು ಮೆತ್ತುವಾಗ ಮಾತ್ರ ಅದು ಹಾಡುತ್ತದೆ ಎಂಬುದು ಮೊದಲ ದಿನವೇ ಗಮನಕ್ಕೆ ಬಂತು. ಅದಕ್ಕೆ ಷಡ್ಡಕರು ಇದ್ದಂತೆ ಕಾಣಲಿಲ್ಲ. ಅಷ್ಟು ಏಕಾಗ್ರತೆಯಿಂದ ಕೆಲಸ ಮಾಡುತ್ತಿತ್ತು. ಮರುದಿನ ಹೋದಾಗ ಮಡಕೆಯ ಬಾಯಂಥ ಗೂಡು ಸಿದ್ಧ. ಅದು ಜೇಡವೊಂದನ್ನು ಹೊತ್ತು ತಂದು ಒಳಗೆ ತುರುಕಿತು. ಜೇಡ ಸತ್ತಿರಲಿಲ್ಲ; ಕಾಲು ಅದುರುತ್ತಿತ್ತು. ಇನ್ನೊಂದು ಜೇಡ, ಮತ್ತೊಂದು. ಮೊಟ್ಟೆಯಿಂದ ಬರುವ ಮರಿಗೆ ಬುತ್ತಿ ತುಂಬಿ, ಬಾಯಿಗೆ ಮಣ್ಣು ಹಾಕಿ ಮುಚ್ಚಿ, ತಿರುಗಿ ನೋಡದೆ ಹೊರಟುಹೋಯಿತು.

ಕಣ್ಣು ಕತ್ತಲೆಗೆ ಒಗ್ಗಿದ ಮೇಲೆ ಉಳಿದವರೂ ಕಂಡರು. ಗೋಡೆಯ ಬಿರುಕಿನಲ್ಲಿ ಹಲ್ಲಿಯ ಮೊಟ್ಟೆ. ತೊಲೆಗೆ ತಲೆಕೆಳಗಾಗಿ ಜೋತ ಬಾವಲಿಗಳು. ಒಲೆಯ ಬಾಯಲ್ಲಿ, ಹಳೆ ಬೂದಿಯ ಮೇಲೆ, ಮರಿ ಹಾಕಿಕೊಂಡ ಬೆಕ್ಕು. ಊರಿನವರೆಲ್ಲ ಖಾಲಿ ಎನ್ನುವ ಆ ಕಟ್ಟಡದಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೆಂಕಿ ಹಾಕುವ ತಿಂಗಳುಗಳಲ್ಲಿ ಅದು ಎಲೆಯ ಮನೆ, ಉಳಿದ ತಿಂಗಳು ಇವರ ಮನೆ. ಇದನ್ನು ಯಾವ ಶಾಲೆಯ ಲೈಬ್ರರಿಯಲ್ಲೂ ಇಡಬಹುದು ಎಂದು ಹೊಳೆದಾಗ ನಾನು ಕುಕ್ಕೆಯಿಂದ ಎದ್ದ ರಭಸಕ್ಕೆ ಬೆಕ್ಕು ನನ್ನ ಮೇಲೆ ಗುರುಗುಟ್ಟಿತು.

ಭಾಮೈದ ಒಂದು ಬೆಳಿಗ್ಗೆ ಪೊರಕೆ, ಸುಣ್ಣದ ಬಕೆಟ್ಟು ಹಿಡಿದು ಬಂದ. ನಾನು ಮೊಳೆಗೆ ಅಡ್ಡ ನಿಂತೆ.

"ಏನ್ ಭಾವ, ಗ್ವಾಡೆಗೆ ಸುಣ್ಣ ಒಡಿಯಕ್ಕೂ ನಿಮ್ ಪರ್ಮಿಸನ್ ಬೇಕಾ?"

"ಆ ಗೂಡು ಒಂದು ಮುಟ್ಟಬೇಡಪ್ಪ. ಇನ್ನೂ ಮರಿ ಹೊರಗೆ ಬಂದಿಲ್ಲ."

"ಕಣಜ ಕಾಯಕ್ಕೆ ಪಿಂಚಣಿ ಕೊಡ್ತವ್ರಾ ನಿಮ್ಗೆ?" ಎಂದು ಮನೆಯ ಕಡೆ ತಿರುಗಿ ಕೂಗಿದ, "ಅಕ್ಕೋ, ಭಾವನ್ನ ಒಳಿಕ್ ಕರ್ಕೊ, ಬಿಸ್ಲು ತಲೆಗೇರದೆ ಕಣಕ್ಕ!"

ಆದರೂ ಅವನು ಗೂಡಿನ ಸುತ್ತ ಒಂದು ಚೌಕ ಬಿಟ್ಟು ಸುಣ್ಣ ಹೊಡೆದ. ಬಿಳಿ ಗೋಡೆಯಲ್ಲಿ ಆ ಚೌಕ ಗಾಜು ಹಾಕಿದ ಬಿನ್ನವತ್ತಳೆಯಂತೆ ಕಾಣುತ್ತಿತ್ತು. ಒಂದು ದಿನ ಮಧ್ಯಾಹ್ನ ಮಣ್ಣಿನಲ್ಲಿ ತೂತು ಕಂಡಿತು. ಹೊಸ ಕಣಜ ಹೊರಬಂದು, ರೆಕ್ಕೆ ಒಣಗಿಸಿಕೊಂಡು, ಬಾಗಿಲಿನಿಂದ ಹೊರಗೆ ಹೋಯಿತು. ಮುಂಗಾರು ಇನ್ನೂ ಬಂದಿರಲಿಲ್ಲ. ಒಲೆಗೆ ಬೆಂಕಿ ಬೀಳುವ ಹೊತ್ತಿಗೆ ಗೂಡು ಖಾಲಿಯಾಗಿರುತ್ತದೆ. ಪುಸ್ತಕಕ್ಕೆ ಕೊನೆ ಸಿಕ್ಕಿತು.

ಬರೆದೆ. ಬರೆದು ಓದಿದರೆ ಮತ್ತೆ ಬಿನ್ನವತ್ತಳೆ. ಕಣಜ "ಕಾರ್ಯತತ್ಪರತೆಯ ಪ್ರತಿರೂಪ"ವಾಗಿತ್ತು, ಬೆಕ್ಕು "ಮಾತೃವಾತ್ಸಲ್ಯದ ಗಣಿ." ಸಂಪಾದಕಿ ಓದಿ, "ವಿಷಯ ಅದ್ಭುತ ಸರ್, ಆದ್ರೆ ಮಕ್ಕಳಿಗೆ ಅಂತ ಒಮ್ಮೆ ಯಾರಿಗಾದ್ರೂ ಓದಿ ಹೇಳಿ" ಎಂದರು. ಮಕ್ಕಳಿಗೆ ಹೇಳಿ ಗೊತ್ತಿರುವ ಒಬ್ಬನೇ ಮನುಷ್ಯ ನನ್ನ ಬಂಧುಬಳಗದಲ್ಲಿದ್ದ. ಆ ಬಸ್ಸು ಹತ್ತುವುದಕ್ಕೆ ನನಗೆ ಒಂದು ವಾರ ಹಿಡಿಯಿತು.

ಕೆ.ಆರ್. ನಗರದ ಅವನ ಜಗಲಿಯಲ್ಲಿ ಓದಿದೆ. ಎರಡನೇ ಪುಟದಲ್ಲೇ ತಡೆದ.

"ಅಣ್ಣ, ತಪ್ ತಿಳ್ಕೋಬೇಡ. ಇಲ್ಲಿ ನೀನೇ ಉಸಿರು ತಗಂಡೆ. ಮಗೀಗೆ ಎಲ್ಲಿ ಉಸಿರು?"

"ನೀನು ಇದನ್ನೆಲ್ಲ ಯಾರಿಂದ ಕಲಿತೆಯಪ್ಪ?"

"ಬಿಲ್ ಕೊಡದ್ರಲ್ಲಿ. ಕರೆಂಟ್ ಬಿಲ್ ಯಾಕ್ ಜಾಸ್ತಿ ಬಂತು ಅಂತ ಬಾಗ್ಲಲ್ಲಿ ನಿಂತ್ಕಂಡು ಬಯ್ತಿದ್ರಲ್ಲ, ಅವ್ರಿಗೆ ಅರ್ಥ ಮಾಡ್ಸಿದೀನಿ. ಒಂದ್ ಮಾತ್ ಉದ್ದ ಆದ್ರೆ ಬಾಗ್ಲು ಆಕೊಳ್ಳರು. ಅವ್ರ ಮುಂದೆ ಮಕ್ಳು ಯಾವ್ ಲೆಕ್ಕ ಬುಡು." ಹೇಳುವಾಗ ಅವನ ಮುಖದಲ್ಲಿ ವಿನಯದ ಸುಳಿವೂ ಇರಲಿಲ್ಲ. "ನನ್ ತರ ಬರಿಯಕ್ಕೆ ಎಲ್ರಿಗೂ ಆಗಲ್ಲ ಅಂತಾವ್ರೆ ಪ್ರಕಾಶನದೋರು. ನೀನು ಪ್ರಯತ್ನ ಮಾಡು."

ಅವನ ಕುತ್ತಿಗೆಗೆ ಕೈ ಹಾಕದೆ ಪೆನ್ನಿಗೆ ಹಾಕಿದ್ದು ನನ್ನ ಸಂಯಮ. ಅವನ ಎದುರೇ ವಿಶೇಷಣಗಳನ್ನು ಹೊಡೆದುಹಾಕುತ್ತ ಹೋದೆ. ಒಂದೊಂದೂ ನನ್ನ ಜೊತೆ ಇಷ್ಟು ವರ್ಷ ದುಡಿದವು. ಬೀಳ್ಕೊಡುಗೆ ಸಮಾರಂಭವಿಲ್ಲದೆ ಹೋದವು. ಉಳಿದದ್ದನ್ನು ಮತ್ತೆ ಓದಿದೆ. ಕಣಜ ಬಂತು. ಮಣ್ಣು ತಂತು. ಹಾಡಿತು. ಬೆಂಕಿ ಬೀಳುವ ದಿನ ಹತ್ತಿರ ಬರುತ್ತಿದೆ. ಮರಿ ಹೊರಗೆ ಬರುತ್ತದೋ ಇಲ್ಲವೋ?

ಅಲ್ಲಿಗೆ ನಿಲ್ಲಿಸಿ ಹಾಳೆ ತಿರುವದೆ ನೀರು ಕುಡಿದೆ.

"ಬಂತಾ?" ಎಂದ ಷಡ್ಡಕ.

ನಾನು ಇನ್ನೊಂದು ಗುಟುಕು ಕುಡಿದೆ.

"ಲೇ ಅಣ್ಣ, ಬಂತಾ ಇಲ್ವಾ ಏಳು!"

ತಿರುವಿದೆ, ಓದಿದೆ, ಮುಗಿಸಿದೆ. ಅವನು ರಸ್ತೆಯ ಕಡೆ ತಿರುಗಿದ. ಆಮೇಲೆ, "ನಮ್ ಆಲೆಮನೇನೂ ಆರ್ ತಿಂಗ್ಳು ಖಾಲೀನೇ ಇರ್ತದೆ. ನಂಗಿದು ಒಳೀಲೇ ಇಲ್ವಲ್ಲ" ಎಂದ. ಅವನ ಬಾಯಿ ನಗುತ್ತಿತ್ತು, ಉಳಿದ ಮುಖ ನಗುತ್ತಿರಲಿಲ್ಲ. ಆ ಮುಖ ನನಗೆ ಚೆನ್ನಾಗಿ ಪರಿಚಯ. ಬಹಳ ದಿನಗಳಿಂದ ಕನ್ನಡಿಯಲ್ಲಿ ನೋಡುತ್ತಿದ್ದೆ. ಅದಕ್ಕಿಂತ ದೊಡ್ಡ ವಿಮರ್ಶೆ ನನ್ನ ಪುಸ್ತಕಕ್ಕೆ ಬಂದಿಲ್ಲ, ಬರುವುದೂ ಬೇಡ. ಬಸ್ಸಿನಲ್ಲಿ ಹುಣಸೂರಿನವರೆಗೂ ನಿಂತೇ ಬಂದೆ, ಸೀಟು ಇದ್ದರೂ.

ಪುಸ್ತಕ ಅಚ್ಚಾಗಿ ಬರುವ ಹೊತ್ತಿಗೆ ಮತ್ತೊಂದು ಪಕ್ಷ ಹತ್ತಿರ ಬಂದಿತ್ತು. ಪಾರ್ಸೆಲ್ಲು ಹಬ್ಬದ ಹಿಂದಿನ ದಿನ ಸಿಕ್ಕಿತು. ಹೊಗೆಸೊಪ್ಪು ಎಂಬ ಪದ ಅದರಲ್ಲಿ ಒಂದೇ ಒಂದು ಸಲ ಬರುತ್ತದೆ, ಅದೂ ಸಣ್ಣಕ್ಷರದಲ್ಲಿ. ಬೆಟ್ಟದಪುರದಲ್ಲಿ ಅತ್ತೆಯವರು ಕೈ ತೊಳೆದುಕೊಂಡು ಬಂದರು. ಮುಖಪುಟ ನೋಡಿ ಹೆಂಡತಿಯನ್ನು ಕೂಗಿದರು.

"ನೋಡವ್ವ, ನಮ್ ಬ್ಯಾರನ್ನು! ನಿಮ್ಮಪ್ಪ ಕಟ್ಸುದ್ದು! ಇದೇನಿದು, ಒಳ್ಗೆಲ್ಲ ಬರೀ ಹುಳ ಉಪ್ಟೆ ತುಂಬವ್ರೆ?"

"ಎಲ್ಲ ನಿಜವಾದ್ದೇ ಅತ್ತೆ. ಒಂದಕ್ಷರ ಸುಳ್ಳಿಲ್ಲ" ಎಂದೆ. ಷಡ್ಡಕ ಗೋಡೆಯ ಕಡೆ ನೋಡುತ್ತಿದ್ದ. ಅವನು ಎರಡನೇ ಪುಸ್ತಕ ಬರೆಯುತ್ತಿದ್ದಾನೆಂದು ಅಷ್ಟರಲ್ಲಿ ನನ್ನ ಕಿವಿಗೆ ಬಿದ್ದಿತ್ತು. ಕೇಳಿದ್ದೇ ತಡ, ಹೊಟ್ಟೆಯಲ್ಲಿ ಹಳೆಯ ಒಲೆಗೆ ಸೌದೆ ಬಿದ್ದಿತ್ತು.

ಎಲೆ ಹಾಸಿದರು. ಕಜ್ಜಾಯ, ಕಡುಬು, ಪಂಚೆ. ಅತ್ತೆಯವರು ನಿಂತು, "ಬರಿಯೋ ಅಳಿಯಂದ್ರು ಬಂದು ಕರ್ಪೂರ ಹಚ್ಚಲಿ" ಎಂದರು. ಈ ಸಲ ಕೈ ಯಾರ ಕಡೆಗೂ ಚಾಚಿರಲಿಲ್ಲ. ಇಬ್ಬರೂ ಎದ್ದೆವು. ಕರ್ಪೂರದ ಡಬ್ಬಿ ನನ್ನ ಕೈಗೆ ಸಿಕ್ಕಿತು, ಬೆಂಕಿಪೊಟ್ಟಣ ಅವನ ಕೈಗೆ. ಆಮೇಲೆ ನಾನು ಇಟ್ಟೆ, ಅವನು ಗೀರಿದ.

ಎಡೆಯಲ್ಲಿ ಎರಡು ಪುಸ್ತಕಗಳಿದ್ದವು. ಹಾಳೆ ಗಾಳಿಗೆ ಹಾರದಿರಲೆಂದು ನನ್ನದರ ಮೇಲೆ ಬೀಡಿ ಕಟ್ಟು ಇಟ್ಟಿದ್ದರು.